ತೇವಾಂಶ ಹನ್ನೆರಡರೊಳಗೆ

ಆಗಸ್ಟ್ 12, ಸೋಮವಾರ

ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಇಂಧನ ಪೂರೈಕೆಗೆ ಹಾಕಿದ ನನ್ನ ಅರ್ಜಿ ತಿರಸ್ಕೃತ. ಕಾರಣ ಒಂದೇ ಸಾಲಿನಲ್ಲಿದೆ: ಉತ್ಪಾದನಾ ಸಾಮರ್ಥ್ಯ ಸಾಲದು.

ಜಿಲ್ಲೆಯ ಹನ್ನೊಂದು ಸರ್ಕಾರಿ ಕಟ್ಟಡಗಳಲ್ಲಿ ಹೊಸ ಬಾಯ್ಲರ್ ಕೂರಿಸಿದ್ದಾರೆ. ಏಳು ಶಾಲೆ, ಎರಡು ಶಿಶುವಿಹಾರ, ಆಸ್ಪತ್ರೆ, ಮತ್ತೆ ಅವರದೇ ಕಚೇರಿ. ಕಲ್ಲಿದ್ದಲು ಬೇಡ, ರಷ್ಯಾದ ಗ್ಯಾಸ್ ಬೇಡ, ನಮ್ಮ ಹೊಲದ ಹುಲ್ಲನ್ನೇ ಉರಿಸಿ ಬೆಚ್ಚಗಿರೋಣ ಎಂದು ಹೊರದೇಶದವರ ನೆರವಿನಲ್ಲಿ ತರಿಸಿದ್ದು. ಹುಲ್ಲಿನ ಬ್ರಿಕೆಟ್ ಒತ್ತುವ ಕೆಲಸವನ್ನು ಈ ಜಿಲ್ಲೆಯಲ್ಲಿ ಮೊದಲು ಶುರುಮಾಡಿದವಳು ನಾನು. ಗೋಧಿ ಹುಲ್ಲು, ದ್ರಾಕ್ಷಿ ತೋಟದಲ್ಲಿ ಸವರಿ ಬಿಸಾಡಿದ ಕಡ್ಡಿ, ಎರಡನ್ನೂ ಪುಡಿ ಮಾಡಿ ಯಂತ್ರಕ್ಕೆ ಕೊಟ್ಟರೆ ತೋಳಿನ ದಪ್ಪದ ಉರುಳೆಗಳು ಬರುತ್ತವೆ. ಒಂದು ಹಂಗಾಮಿಗೆ ನೂರ ಎಂಬತ್ತು ಟನ್ ಒತ್ತಬಲ್ಲೆ. ಅವರಿಗೆ ಬೇಕಿರುವುದು ಆರುನೂರು, ಅದೂ ಒಬ್ಬರಿಂದಲೇ.

ಬಸ್ಸು ಹಿಡಿದು ಹೋದೆ. ಕಟ್ಟಡಗಳ ವಿಭಾಗದ ಮುಖ್ಯಸ್ಥೆ ಕೊರ್ನೇಲಿಯಾ ಮೇಡಂ ಕೂರಲು ಹೇಳಿದರು. ಒಂದೊಂದು ಶಾಲೆಗೂ ಬೇರೆ ಬೇರೆ ಗುತ್ತಿಗೆ ಕರೆಯಿರಿ, ಎರಡು ಮೂರು ಶಾಲೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಹನ್ನೊಂದು ಜನರ ಜೊತೆ ಹನ್ನೊಂದು ಸಲ ಮಾತಾಡಲು ತಮ್ಮ ಹತ್ತಿರ ಸಿಬ್ಬಂದಿ ಇಲ್ಲ ಎಂದರು. ಬೈಯಲಿಲ್ಲ, ಗದರಲಿಲ್ಲ. ನಾನಿನ್ನೂ ಕೂತಿರುವಾಗಲೇ ಮುಂದಿನ ಕಡತ ಬಿಚ್ಚಿದರು.

ಇವತ್ತು ಒತ್ತಿದ್ದರ ತೇವಾಂಶ ಶೇಕಡಾ 9.4.

ಆಗಸ್ಟ್ 19, ಸೋಮವಾರ

ಚರ್ಚಿಗೆ ಹೊಸ ದ್ರಾಕ್ಷಿ, ಜೇನು ಒಯ್ದು ಪಾದ್ರಿಯ ಆಶೀರ್ವಾದ ತಗೊಂಡು ಬಂದೆ. ಅಂಗಳದಲ್ಲಿ ಹಾರಿತೋನಣ್ಣ, ಅವನ ಹೆಂಡತಿ ತಾಸ್ಯಾ ಸಿಕ್ಕರು. ಹಾರಿತೋನಣ್ಣ ನಮ್ಮೂರ ಶಾಲೆಯ ಬಾಯ್ಲರ್ ನೋಡಿಕೊಳ್ಳುವವನು. ಇಪ್ಪತ್ತೆಂಟು ಚಳಿಗಾಲ ಕಲ್ಲಿದ್ದಲು ಎತ್ತಿಹಾಕಿದ ಎದೆ ಅವನದು. ಬೇಸಿಗೆಯಲ್ಲೂ ಕೆಮ್ಮು ಬಿಡುವುದಿಲ್ಲ. ನನ್ನ ಗಂಡ ಪಾವೆಲ್ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಮಾರಿ ಈ ಯಂತ್ರ ತರಿಸಿದಾಗ ಊರೆಲ್ಲ ನಕ್ಕಿತ್ತು. ನಗದೆ ಅಡಿಪಾಯ ತೋಡಲು ಬಂದವನು ಅವನೊಬ್ಬನೇ.

ಹೊಸ ಬಾಯ್ಲರನ್ನು ಅವನು ಆಗಲೇ ಎರಡು ಸಲ ಒರೆಸಿ ಹೊಳೆಯುವಂತೆ ಇಟ್ಟಿದ್ದಾನಂತೆ. "ಅದು ಅಡುಗೆಮನೆ ಪಾತ್ರೆ ಥರ ಇದೆ ಪಿನಾ, ಅದರೊಳಗೆ ಕಲ್ಲಿದ್ದಲು ಹಾಕೋಕೆ ನನ್ನ ಕೈ ಬರಲ್ಲ" ಎಂದ. ಗುತ್ತಿಗೆದಾರರ ಪಟ್ಟಿಯಲ್ಲಿ ನನ್ನ ಹೆಸರು ಬರುವವರೆಗೆ ಬಿಡಬೇಡ ಎಂದೂ ಹೇಳಿದ.

ಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ. ಕಾರ್ಖಾನೆ ಮುಚ್ಚಿದ ದಿನ ಗೇಟಿನಲ್ಲಿ ನಮ್ಮ ಬಿಳಿ ಕೋಟುಗಳನ್ನು ಎಣಿಸಿ ವಾಪಸ್ ತಗೊಂಡರು, ಇನ್ನು ನೀವು ಬೇಕಾಗಿಲ್ಲ ಎಂದರು. ಇನ್ನೊಂದು ಸಲ ಆ ಮಾತು ಕೇಳಿಸಿಕೊಂಡು ಮನೆಗೆ ಬರಲಾರೆ.

ಆಗಸ್ಟ್ 28, ಬುಧವಾರ

ಹೋದ ವಾರ ರಾಜಧಾನಿ ಕಿಶಿನೌಗೆ ಹೋಗಿ ಪ್ರಯೋಗಾಲಯಕ್ಕೆ ಮಾದರಿ ಕೊಟ್ಟು ಬಂದಿದ್ದೆ, ಇವತ್ತು ಪ್ರಮಾಣಪತ್ರ ಕೈಗೆ ಬಂತು. ಟೆಂಡರಿನ ನಿಯಮದ ಪ್ರಕಾರ ತೇವಾಂಶ ಹನ್ನೆರಡರೊಳಗೆ ಇರಬೇಕು. ನನ್ನದು 9.1. ಬೂದಿಯೂ ಕಡಿಮೆ. ಅಲ್ಲಿನ ಹುಡುಗಿ, ಮನೆಯಲ್ಲೇ ಅಳೆದಿರಾ, ನಿಮ್ಮ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಕೂದಲಷ್ಟೇ ವ್ಯತ್ಯಾಸ ಎಂದು ಆಶ್ಚರ್ಯಪಟ್ಟಳು. ಕಾರ್ಖಾನೆ ಗುಜರಿಗೆ ಹಾಕಿದ ತಕ್ಕಡಿ, ನೂರ ಐದು ಡಿಗ್ರಿಯ ಒಲೆ, ಗಾಜಿನ ಬಟ್ಟಲು. ಒಣಗಿಸುವ ಮುಂಚೆ ತೂಗು, ಒಣಗಿಸಿ ತೂಗು. ಅಷ್ಟೇ ವಿದ್ಯೆ. ಅದರಲ್ಲಿ ಮೋಸಕ್ಕೆ ಜಾಗವಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಾಗದವನ್ನು ನಾಲ್ಕು ಸಲ ತೆಗೆದು ಓದಿದೆ. ಇಡೀ ಜಿಲ್ಲೆಯಲ್ಲಿ ಇಂಥ ಕಾಗದ ಇರುವುದು ನನ್ನ ಹತ್ತಿರ ಮಾತ್ರ.

ಸೆಪ್ಟೆಂಬರ್ 5, ಗುರುವಾರ

ಪ್ರಮಾಣಪತ್ರವಿಲ್ಲದವರಿಗೆ ಗುತ್ತಿಗೆ ಕೊಡುತ್ತಿದ್ದಾರೆಂದು ನಾನು ರಾಜಧಾನಿಗೆ ಬರೆದ ದೂರಿಗೆ ಫಲ ಸಿಕ್ಕಿತು. ಹಳೆಯ ಟೆಂಡರ್ ರದ್ದು. ಅದು ವೆನಿಯಾಮಿನ್‌ಗೆ ಹೋಗುವುದರಲ್ಲಿತ್ತು. ಮೂವತ್ತು ವರ್ಷದಿಂದ ಈ ಜಿಲ್ಲೆಯ ಶಾಲೆಗಳಿಗೆ ಕಲ್ಲಿದ್ದಲು ಹಾಕಿದ ಮನೆತನದವನು. ಮೊದಲು ಅವನಪ್ಪ, ಈಗ ಅವನು. ಹುಲ್ಲಿನ ಕಾಲ ಬಂತೆಂದು ಗೊತ್ತಾದದ್ದೇ ಹಳೆಯ ತಂಬಾಕು ಗೋದಾಮಿನಲ್ಲಿ ದೊಡ್ಡ ಯಂತ್ರ ಕೂರಿಸಿಕೊಂಡಿದ್ದಾನೆ. ಆರುನೂರೇನು, ಸಾವಿರ ಟನ್ನಾದರೂ ಒತ್ತುತ್ತಾನೆ. ಆದರೆ ಅವನ ಹತ್ತಿರ ಪ್ರಮಾಣಪತ್ರವಿಲ್ಲ.

ಕಚೇರಿಯ ಸಭೆಯಲ್ಲಿ ನನಗೆ ಮೂರು ನಿಮಿಷ ಕೊಟ್ಟರು. ಒಂದು ಬ್ರಿಕೆಟ್ಟನ್ನು ಮೇಜಿನ ಮೇಲಿಟ್ಟು ಮುರಿದು ತೋರಿಸಿದೆ. ಒಣಗಿದ್ದು ರೊಟ್ಟಿಯ ಹಾಗೆ ಟಕ್ಕೆಂದು ಮುರಿಯುತ್ತದೆ, ತೇವದ್ದು ಹಸಿ ಹಿಟ್ಟಿನ ಹಾಗೆ ಬಾಗುತ್ತದೆ ಎಂದೆ. ಯಾರೋ ಹಿಂದಿನ ಸಾಲಿನಲ್ಲಿ, ಅಕ್ಕ ಅಡುಗೆ ಪಾಠ ಶುರುಮಾಡಿದಳು ಎಂದ. ನಕ್ಕರು. ವೆನಿಯಾಮಿನ್ ನಗಲಿಲ್ಲ. ಬ್ರಿಕೆಟ್ಟಿನ ಚೂರೊಂದನ್ನು ಎತ್ತಿ ಮೂಸಿ ಜೇಬಿಗೆ ಹಾಕಿಕೊಂಡ.

ಸೆಪ್ಟೆಂಬರ್ 14, ಶನಿವಾರ

ವೆನಿಯಾಮಿನ್ ಕಲ್ಲಂಗಡಿ ಹಿಡಿದುಕೊಂಡು ಮನೆಗೆ ಬಂದಿದ್ದ. ಶೆಡ್ಡೆಲ್ಲ ಸುತ್ತಿ ನೋಡಿ, ಯಂತ್ರದ ಹತ್ತಿರವಿದ್ದ ನನ್ನ ಕೆಲಸದಾಕೆ ಝೀನಾಳನ್ನೂ ಮಾತಾಡಿಸಿ, ಕೊನೆಗೆ ಅಂಗಳದ ಬೆಂಚಿನಲ್ಲಿ ಕೂತ.

"ನೋಡು ಪಿನಕ್ಕ, ನಿನ್ನ ಹತ್ರ ಕಾಗದ ಇದೆ, ಸರಕಿಲ್ಲ. ನನ್ನ ಹತ್ರ ಸರಕಿದೆ, ಕಾಗದ ಇಲ್ಲ. ಇಬ್ಬರೂ ಹೀಗೇ ಜಗಳ ಆಡ್ತಿದ್ರೆ ಮಕ್ಕಳು ಚಳೀಲಿ ಕೂರ್ತಾವೆ. ಒಂದೇ ಹೆಸರಲ್ಲಿ ಅರ್ಜಿ ಹಾಕೋಣ. ಹೆಸರು ನಿಂದೇ ಇರ್ಲಿ."

"ನಿನ್ನ ಸರಕನ್ನ ನಾನು ಅಳೆದಿಲ್ಲ."

"ಅಳಿ. ಬೇಡ ಅಂದೋರ್ಯಾರು? ನೀನು ಹೇಳ್ದಂಗೆ ಒಣಗಿಸ್ತೀನಿ."

ಆಗುವುದಿಲ್ಲ ಎಂದೆ. ನನ್ನ ಹೆಸರಿನ ಚೀಟಿ ಅಂಟಿದ ಮೂಟೆಯಲ್ಲಿ ನಾನು ಒತ್ತಿದ್ದೇ ಇರಬೇಕು ಎಂದೆ. ಅವನಿಗೆ ಬೇಜಾರಾದಂತೆ ಕಾಣಲಿಲ್ಲ. ಕಲ್ಲಂಗಡಿಯನ್ನು ಬಿಟ್ಟುಹೋದ. ಝೀನಾಳ ಮನೆಗೆ ಕೊಟ್ಟು ಕಳಿಸಿದೆ, ನಾನು ಮುಟ್ಟಲಿಲ್ಲ.

ತೇವಾಂಶ 9.7. ಮೋಡವಿತ್ತು.

ಸೆಪ್ಟೆಂಬರ್ 23, ಸೋಮವಾರ

ಹೊಸ ಟೆಂಡರಿನಲ್ಲೂ ಆರುನೂರು ಟನ್ ಎಂದೇ ಇದೆ. ಪ್ರಮಾಣಪತ್ರವೂ ಕಡ್ಡಾಯ. ನನ್ನ ಅರ್ಜಿಯೂ ಬಿತ್ತು, ಅವನದೂ ಬಿತ್ತು. ಕೊರ್ನೇಲಿಯಾ ಮೇಡಂ ಫೋನಿನಲ್ಲಿ ಹೇಳಿದರು: ತಿಂಗಳೊಳಗೆ ಅರ್ಹರು ಯಾರೂ ಸಿಗದಿದ್ದರೆ ಈ ಚಳಿಗಾಲ ಹಳೆಯ ಬಾಯ್ಲರ್‌ಗಳನ್ನೇ ಹಚ್ಚಿ ಕಲ್ಲಿದ್ದಲು ಹಾಕುತ್ತಾರಂತೆ. ಆಮೇಲೆ ಹುಲ್ಲಿನ ವಿಚಾರವನ್ನು ಯಾರೂ ಎತ್ತುವುದಿಲ್ಲ.

ಶೆಡ್ ತುಂಬಿದೆ. ಊರಿನ ಅಜ್ಜಿಯರು ಒಂದೊಂದೇ ಮೂಟೆ ಕೊಂಡುಹೋದರೆ ಯಾವಾಗ ಖಾಲಿಯಾಗಬೇಕು? ಯಂತ್ರ ನಿಲ್ಲಿಸಿದೆ. ಝೀನಾ ಇಟಲಿಗೆ ಹೋಗಿ ಮುದುಕರ ಆರೈಕೆ ಮಾಡುವ ಮಾತಾಡುತ್ತಿದ್ದಾಳೆ. ಅವಳ ಚಿಕ್ಕ ಮಗಳು ಶಿಶುವಿಹಾರದಲ್ಲಿದ್ದಾಳೆ, ಆ ಹನ್ನೊಂದು ಕಟ್ಟಡಗಳಲ್ಲಿ ಅದೂ ಒಂದು.

ಹಾರಿತೋನಣ್ಣ ಬಂದು ತುಂಬಾ ಹೊತ್ತು ಕೂತಿದ್ದ. ವೆನಿಯಾಮಿನ್ ಹೇಳಿದ್ದು ಅವನ ಕಿವಿಗೂ ಬಿದ್ದಿದೆ. ಸೇರಿಕೋ ಎಂದ. "ಕಾಲು ಭಾಗ ಆದ್ರೂ ನಿಂದು ಇರುತ್ತಲ್ಲ. ನಮ್ಮೂರ ಶಾಲೆಗೆ ನಿಂದೇ ಕಳ್ಸು. ಇನ್ನೊಂದು ವರ್ಷ ಆ ಕರೀ ಪುಡಿ ಕುಡಿಯೋ ಶಕ್ತಿ ನಂಗಿಲ್ಲ, ಪಿನಾ." ಹೀಗೆ ಅವನು ಯಾವತ್ತೂ ಕೇಳಿಕೊಂಡವನಲ್ಲ.

ಸೆಪ್ಟೆಂಬರ್ 30, ಸೋಮವಾರ

ತಂಬಾಕು ಗೋದಾಮಿಗೆ ಹೋಗಿ ನೋಡಿದೆ. ಸೂರ್ಯಕಾಂತಿ ಸಿಪ್ಪೆ ಬಯಲಿನಲ್ಲೇ ಬೆಟ್ಟದಂತೆ ಬಿದ್ದಿದೆ. ಕೆಳಗಿನ ಪದರಕ್ಕೆ ಕೈ ಹಾಕಿದರೆ ಬಿಸಿ, ಕೊಳೆತ ವಾಸನೆ. ಹಳೇ ಬಾಗಿಲು ಕಿಟಕಿಗಳ ಗರಗಸದ ಪುಡಿಯನ್ನೂ ಬೆರೆಸುತ್ತಾರೆ, ಬಣ್ಣದ ಚೂರುಗಳು ಕಾಣುತ್ತವೆ. ಒಂದು ಬ್ರಿಕೆಟ್ ತಂದು ಒಲೆಯಲ್ಲಿಟ್ಟು ಅಳೆದೆ. 21.3.

ವೆನಿಯಾಮಿನ್‌ಗೆ ಫೋನ್ ಮಾಡಿ ಹೇಳಿದೆ. ಚಾವಣಿ ಹಾಕಿಸುತ್ತೇನೆ, ಒಣಗಿಸುವ ಯಂತ್ರ ದಾರಿಯಲ್ಲಿದೆ, ಬಣ್ಣದ ಮರ ಇನ್ನು ಮುಂದೆ ಬೆರೆಸುವುದಿಲ್ಲ ಎಂದ. ನವೆಂಬರಿನೊಳಗೆ ಎಂದು ಮಾತು ಕೊಟ್ಟ. ನಮ್ಮೂರ ಶಾಲೆಗೆ ನನ್ನ ಸರಕೇ ಎಂಬ ಷರತ್ತು ಹಾಕಿದೆ. ಒಪ್ಪಿದ.

ಜಂಟಿ ಅರ್ಜಿಗೆ ಸಹಿ ಮಾಡಿದೆ. ಒಳಗೆ ಸೇರಿಕೊಂಡರೆ ಸರಿಪಡಿಸಬಹುದು. ಹೊರಗೆ ನಿಂತು ಏನು ಸರಿಪಡಿಸುವುದು?

ಅಕ್ಟೋಬರ್ 11, ಶುಕ್ರವಾರ

ಪಟ್ಟಿಯಲ್ಲಿ ನನ್ನ ಹೆಸರಿದೆ. ಅಗ್ರಿಪಿನಾ ಬೋತೆಜಾತು ಎಂದು ಪೂರ್ತಿ ಬರೆದಿದ್ದಾರೆ, ಕಚೇರಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದಾರೆ.

ಶಾಲೆಯ ಬಾಯ್ಲರ್ ಮನೆಯಲ್ಲಿ ಸಣ್ಣ ಸಮಾರಂಭ. ಪಾದ್ರಿ ಪವಿತ್ರ ನೀರು ಚಿಮುಕಿಸಿದರು. ಹೆಡ್‌ಮಾಸ್ಟರು ಭಾಷಣ ಮಾಡಿದರು. ತಾಸ್ಯಾ ಮಾಡಿದ ಚೀಸ್ ಕಡುಬು, ನಮ್ಮನೆಯ ವೈನು. ಕೊರ್ನೇಲಿಯಾ ಮೇಡಂ ನನ್ನ ಕೈ ಕುಲುಕಿ ಈ ಜಿಲ್ಲೆಗೆ ನಿಮ್ಮಂಥವರು ಬೇಕು ಎಂದರು. ಮೊದಲ ಬೆಂಕಿ ಹಾರಿತೋನಣ್ಣ ಹಚ್ಚಿದ. ಅವನು ಮದುವೆಗೆ ಹಾಕಿಕೊಂಡ ಕೋಟು ಹಾಕಿಕೊಂಡು ಬಂದಿದ್ದ. ಬೆಂಕಿ ಹತ್ತಿದ ಮೇಲೆ ಒಂದು ಕಾಲ್ಗಂಟೆ ಕಿಂಡಿಯ ಎದುರಿನಿಂದ ಏಳಲೇ ಇಲ್ಲ. ಹೊಗೆಗೂಡಿನಿಂದ ಬಂದದ್ದು ಬಿಳಿ ಹೊಗೆ, ತೆಳ್ಳಗೆ.

ಬಹಳ ದಿನದ ಮೇಲೆ ನಿದ್ದೆ ಬರುತ್ತಿದೆ.

ನವೆಂಬರ್ 4, ಸೋಮವಾರ

ಹಂಗಾಮು ಶುರುವಾಯಿತು. ಲಾರಿಗಳು ಹೊರಟವು. ಯಾವ ಕಟ್ಟಡಕ್ಕೆ ಯಾವ ಸರಕು ಎಂದು ವೆನಿಯಾಮಿನ್ ಜೊತೆ ಕೂತು ಹಂಚಿದೆವು. ಆಸ್ಪತ್ರೆಗೂ ಜಿಲ್ಲಾ ಕಚೇರಿಗೂ ನನ್ನದು ಹೋಗಲಿ ಎಂದರು ಅವರು. ಆಸ್ಪತ್ರೆಯಲ್ಲಿ ರೋಗಿಗಳಿರುತ್ತಾರೆ, ಕಚೇರಿಯಲ್ಲಿ ಮುಂದಿನ ವರ್ಷದ ನಿರ್ಧಾರ ಮಾಡುವವರಿರುತ್ತಾರೆ, ಅಲ್ಲಿ ಹೊಗೆ ಬಂದರೆ ಎಲ್ಲವೂ ಮುಗಿಯಿತು. ಮಾತು ಸುಳ್ಳಲ್ಲ. ಅವೆರಡಕ್ಕೇ ನನ್ನ ನೂರ ಎಂಬತ್ತು ಟನ್ ಹೆಚ್ಚುಕಡಿಮೆ ಮುಗಿಯುತ್ತದೆ.

ನಮ್ಮೂರ ಶಾಲೆಗೆ ಎರಡು ವಾರಕ್ಕಾಗುವಷ್ಟು ನನ್ನದನ್ನೇ ಕಳಿಸಿದೆ. ಆಮೇಲೆ ಗೋದಾಮಿನದು ಹೋಗುತ್ತದೆ. ಅಷ್ಟರೊಳಗೆ ಒಣಗಿಸುವ ಯಂತ್ರ ಬಂದಿರುತ್ತದೆ. ಹಾರಿತೋನಣ್ಣನಿಗೆ ಈಗಲೇ ಹೇಳಬೇಕಾಗಿಲ್ಲ.

ನವೆಂಬರ್ 21, ಗುರುವಾರ

ಹಾರಿತೋನಣ್ಣ ಟೋಪಿಯಲ್ಲಿ ಒಂದು ಬ್ರಿಕೆಟ್ ಇಟ್ಟುಕೊಂಡು ಬಂದಿದ್ದ. ಮುರಿದು ತೋರಿಸಿದ. ಬಾಗಿತು.

"ಇದು ನಿಂದಲ್ಲ, ಪಿನಾ."

ಮಳೆ ಬಂದ ದಿನ ಒತ್ತಿದ್ದು, ಹೀಗಾಗುತ್ತದೆ ಎಂದೆ. ಹೊಗೆಕೊಳವೆಯಲ್ಲಿ ಡಾಂಬರಿನಂಥದ್ದು ಕಟ್ಟುತ್ತಿದೆಯಂತೆ, ದಿನಾ ಬೆಳಗ್ಗೆ ಕೆರೆದು ತೆಗೆಯುತ್ತಾನಂತೆ. ಕಟ್ಟಿಗೆ ಬೆರೆಸಿ ಉರಿಸು, ಗಾಳಿ ಜಾಸ್ತಿ ಬಿಡು ಎಂದು ಹೇಳಿ ಕಳಿಸಿದೆ. ಅವನು ಹೋದ ಮೇಲೆ ಅಳೆದೆ. 19. ಮೊದಲಿನ 21ಕ್ಕಿಂತ ಪರವಾಗಿಲ್ಲ.

ಒಣಗಿಸುವ ಯಂತ್ರ ಪೋಲೆಂಡಿನ ಗಡಿಯಲ್ಲಿ ಕಾಗದಪತ್ರಕ್ಕಾಗಿ ನಿಂತಿದೆ ಎಂದರು ವೆನಿಯಾಮಿನ್.

ಡಿಸೆಂಬರ್ 13, ಶುಕ್ರವಾರ

ಝೀನಾ ಕೆಲಸ ಬಿಟ್ಟಳು. ಗೋದಾಮಿನ ಮೂಟೆಗಳಿಗೆ ನಮ್ಮ ಚೀಟಿ ಅಂಟಿಸಲು ಹೇಳಿದ್ದೆ. ಚೀಟಿಯಲ್ಲಿ ತೇವಾಂಶ 9.1 ಎಂದಿದೆ, ನಾನು ಅಂಟಿಸಲ್ಲ ಎಂದಳು. ಅದು ಪ್ರಮಾಣಪತ್ರದ ಅಂಕಿ, ಎಲ್ಲ ಮೂಟೆಗೂ ಅದೇ ಹಾಕಬೇಕು, ನಿಯಮವೇ ಹಾಗಿದೆ ಎಂದು ವಿವರಿಸಿದೆ. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೋದಳು. ಅವಳಿಗೆ ಹೇಗೂ ಇಟಲಿಗೆ ಹೋಗಬೇಕಿತ್ತು. ನೆಪ ಬೇಕಿತ್ತು.

ನಾನೇ ಅಂಟಿಸಿದೆ. ಬೇಗ ಬೇಗ ಆಗುವ ಕೆಲಸ.

ಡಿಸೆಂಬರ್ 18, ಬುಧವಾರ

ಹಾರಿತೋನ್ ಎರಡು ಸಲ ಬಂದಿದ್ದನಂತೆ. ನಾನು ಕಚೇರಿಯಲ್ಲಿದ್ದೆ.

ಜನವರಿ 7, ಮಂಗಳವಾರ

ನಮ್ಮ ಹಳೇ ಪಂಚಾಂಗದ ಕ್ರಿಸ್ಮಸ್. ವೆನಿಯಾಮಿನ್ ಹಂದಿ ತೊಡೆ, ಒಂದು ಪೆಟ್ಟಿಗೆ ಕಿತ್ತಳೆ ಕಳಿಸಿದ್ದರು. ಕೊರ್ನೇಲಿಯಾ ಕೂಡ ಫೋನ್ ಮಾಡಿ ಶುಭಾಶಯ ಹೇಳಿದರು. ಜಿಲ್ಲಾ ಕಚೇರಿಯಲ್ಲಿ ಈ ಸಲ ಕೋಟು ತೆಗೆದು ಕೂರುವಷ್ಟು ಬೆಚ್ಚಗಿದೆಯಂತೆ. ಬರುವ ವರ್ಷ ಪಕ್ಕದ ಜಿಲ್ಲೆಯವರೂ ಆರು ಕಟ್ಟಡ ಸೇರಿಸಬೇಕೆಂದಿದ್ದಾರೆ.

ಹಾರಿತೋನ್ ದಂಪತಿ ಹಬ್ಬದ ಬ್ರೆಡ್ ಕೊಡಲು ಬಂದರು. ಕೂತದ್ದು ಸ್ವಲ್ಪ ಹೊತ್ತು. ಅವನ ಉಗುರುಗಳೆಲ್ಲ ಕಪ್ಪು. ಸೋಪು ಹಾಕಿದರೂ ಹೋಗುವುದಿಲ್ಲ, ಕಲ್ಲಿದ್ದಲಿನ ಕಪ್ಪಾದರೂ ಹೋಗುತ್ತಿತ್ತು ಎಂದಳು ತಾಸ್ಯಾ. ಹಬ್ಬದ ದಿನ ಹೇಳುವ ಮಾತಲ್ಲ ಅದು.  ಹೋಗುವಾಗ ಹಾರಿತೋನ್, ಸೂಟಿ ಮುಗಿದ ಮೇಲೆ ಒಂದು ಲಾರಿಯಾದರೂ ನಿನ್ನದನ್ನು ಕಳಿಸಲು ಆಗುತ್ತದಾ ಎಂದು ಕೇಳಿದ. ನೋಡುತ್ತೇನೆ ಎಂದೆ.

ನೋಡಿದೆ. ನನ್ನದು ಉಳಿದಿರುವುದು ಆಸ್ಪತ್ರೆಗೇ ಸರಿಹೋಗುತ್ತದೆ.

ಜನವರಿ 22, ಬುಧವಾರ

ಮೈನಸ್ ಹದಿನೆಂಟು. ಬೆಳಗ್ಗೆ ಹತ್ತೂವರೆಗೆ ಶಾಲೆಯಿಂದ ಫೋನು.

ಮೊದಲು ಬಾಯ್ಲರ್ ಮನೆಯ ಪಕ್ಕದ ಎರಡು ತರಗತಿಗಳಲ್ಲಿ ಮಕ್ಕಳಿಗೆ ತಲೆನೋವು. ಮೂವರು ವಾಂತಿ ಮಾಡಿಕೊಂಡಿದ್ದಾರೆ. ಟೀಚರಿಗೆ ಅನುಮಾನ ಬಂದು ಕಿಟಕಿಗಳನ್ನೆಲ್ಲ ತೆಗೆಸಿ ಮಕ್ಕಳನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿದ್ದಾಳೆ. ಆಮೇಲೆ ಯಾರೋ ಬಾಯ್ಲರ್ ಮನೆಯ ಬಾಗಿಲು ತೆಗೆದಿದ್ದಾರೆ. ಹಾರಿತೋನ್ ಕೊಳವೆ ಕೆರೆಯುವ ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಬಿದ್ದಿದ್ದ.

ನಾನು ತಲುಪುವಷ್ಟರಲ್ಲಿ ಆಂಬುಲೆನ್ಸ್ ಹೊರಟಿತ್ತು. ಬಾಯ್ಲರ್ ಮನೆಗೆ ಹೋದೆ. ಬಾಗಿಲು ತೆರೆದಿಟ್ಟಿದ್ದರೂ ಗಂಟಲು ಕಟ್ಟುವ ವಾಸನೆ. ಹೊಗೆಕೊಳವೆಯ ಒಳಗೆ ಮುಷ್ಟಿ ತೂರುವಷ್ಟೂ ಜಾಗವಿರಲಿಲ್ಲ, ಅಷ್ಟು ಕಟ್ಟಿಕೊಂಡಿತ್ತು. ಮೂಲೆಯಲ್ಲಿ ನನ್ನ ಚೀಟಿಯ ಮೂಟೆಗಳು ಚಾವಣಿವರೆಗೆ.

ಮಕ್ಕಳಿಗೆ ಏನೂ ಅಪಾಯವಿಲ್ಲ. ಎಲ್ಲರೂ ಮನೆಗೆ ಹೋದರು. ಇದನ್ನು ಮೊದಲು ಬರೆಯಬೇಕಿತ್ತು.

ಜನವರಿ 23, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಹಾರಿತೋನಣ್ಣ ಬದುಕಿದ್ದಾನೆ. ಕಣ್ಣು ತೆರೆದಿದ್ದಾನೆ, ತಾಸ್ಯಾಳನ್ನು ಗುರುತಿಸಿದ, ಆದರೆ ಇವತ್ತು ಯಾವ ವಾರ ಎಂದರೆ ಗೊತ್ತಾಗುವುದಿಲ್ಲ. ಹೊಗೆಯ ವಿಷ ತಲೆಗೆ ಹೋಗಿದೆ, ಎಷ್ಟು ವಾಪಸ್ ಬರುತ್ತದೋ ಹೇಳಲಾಗದು ಎಂದರು ಡಾಕ್ಟರು.

ವಾರ್ಡು ಬೆಚ್ಚಗಿತ್ತು. ನನ್ನ ಸರಕು. ತಾಸ್ಯಾ ಸ್ವೆಟರ್ ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನನ್ನು ಕಂಡು ಕುರ್ಚಿಯನ್ನು ಹಾಸಿಗೆಯ ಕಡೆಗೆ ತಿರುಗಿಸಿಕೊಂಡಳು. ನಾನೇನು ಮಾಡಿದೆ ಎಂದು ಅವಳಿಗೆ ಗೊತ್ತಿರಲಾರದು. ದಣಿದಿದ್ದಾಳೆ, ಅಷ್ಟೇ.

ಜನವರಿ 27, ಸೋಮವಾರ

ತನಿಖಾ ಸಮಿತಿ ಆಗಿದೆ. ಅದರಲ್ಲಿ ಜಿಲ್ಲೆಯ ಇಂಜಿನಿಯರ್ ಒಬ್ಬರು, ಕೊರ್ನೇಲಿಯಾ, ಅಗ್ನಿಶಾಮಕದವರು. ಇಂಧನದ ಮಾದರಿಯನ್ನು ಮೂರು ದಿನದೊಳಗೆ ಕಳಿಸಬೇಕೆಂದು ನನಗೆ ಕಾಗದ. "ಉತ್ಪಾದಕರ ಗೋದಾಮಿನಿಂದ ತೆಗೆದ ಮಾದರಿ" ಎಂದು ಬರೆದಿದ್ದಾರೆ.

ವೆನಿಯಾಮಿನ್ ಅವರಿಗೆ ಫೋನ್ ಮಾಡಿದೆ. ನಿನಗೆ ಸರಿ ಕಂಡಂತೆ ಮಾಡು ಪಿನಕ್ಕ, ಕಾಗದದಲ್ಲಿ ಹೆಸರು ನಿಂದೇ ಇರೋದು ಎಂದರು.  ಒತ್ತಾಯ ಮಾಡಲಿಲ್ಲ.

ಶಾಲೆಯ ಬಾಯ್ಲರ್ ಮನೆಗೆ ಬೀಗ ಹಾಕಿದ್ದಾರೆ. ನಾನು ನಮ್ಮ ಶೆಡ್ಡಿಗೆ ಹೋದೆ. ಆಸ್ಪತ್ರೆಗೆಂದು ಎತ್ತಿಟ್ಟದ್ದರಲ್ಲಿ ಆರು ಬ್ರಿಕೆಟ್ ತೆಗೆದು ಕಾಗದದಲ್ಲಿ ಸುತ್ತಿ, ಮೊಹರು ಹಾಕಿ, ಅಂಚೆಗೆ ಕೊಟ್ಟೆ. ಉತ್ಪಾದಕಿ ನಾನು, ಗೋದಾಮು ನನ್ನದು. ಕೇಳಿದ್ದನ್ನೇ ಕಳಿಸಿದ್ದೇನೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅಳೆಯುವ ಅಗತ್ಯ ಬೀಳಲಿಲ್ಲ.

ಫೆಬ್ರವರಿ 6, ಗುರುವಾರ

ಸಮಿತಿಯ ಸಭೆಗೆ ಮಾದರಿಯ ಫಲಿತಾಂಶ ಬಂತು: 9.3. ಇಂಜಿನಿಯರು ಎಲ್ಲರಿಗೂ ಕೇಳುವಂತೆ ಓದಿದರು. ಹಾಗಾದರೆ ಇಂಧನದ ತಪ್ಪಲ್ಲ ಎಂದರು ಕೊರ್ನೇಲಿಯಾ.

ಆಮೇಲೆ ನನ್ನನ್ನು ಕೇಳಿದರು, ತಜ್ಞೆಯಾಗಿ. ಒಣ ಇಂಧನ ಹಾಕಿಯೂ ಕೊಳವೆ ಹೀಗೆ ಕಟ್ಟುವುದು ಸಾಧ್ಯವೇ? ಬೆಂಕಿಗೆ ಗಾಳಿ ಬಿಡುವ ತಗಡನ್ನು ಬಹಳ ಹೊತ್ತು ಮುಚ್ಚಿಟ್ಟರೆ ಸಾಧ್ಯ ಎಂದೆ. ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ, ಅಂಟು ಕಟ್ಟುತ್ತದೆ. ಇದು ನಿಜ. ಯಾವ ಪುಸ್ತಕದಲ್ಲಾದರೂ ಇದೆ. ಬಾಯ್ಲರ್ ನೋಡಿಕೊಳ್ಳುವವನು ಇಂಧನ ಉಳಿಸಲೆಂದು ಹಾಗೆ ಮುಚ್ಚುತ್ತಿದ್ದನೇ ಎಂದು ಕೇಳಿದರು.

"ಹಳೇ ಕಲ್ಲಿದ್ದಲಿನ ಅಭ್ಯಾಸ. ಕಲ್ಲಿದ್ದಲಿಗೆ ಹಾಗೆ ಮುಚ್ಚಲೇಬೇಕಾಗ್ತಿತ್ತು" ಎಂದೆ.

ಇಂಜಿನಿಯರು ಬರೆದುಕೊಂಡರು. ಹೌದು ಎಂದೂ ನಾನು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡುತ್ತಿದ್ದರು. ಶಾಲೆಯ ಪರವಾಗಿ ಏನಾದರೂ ಹೇಳುವುದಿದೆಯೇ ಎಂದಾಗ ಇಲ್ಲ ಎಂದರು.

ಫೆಬ್ರವರಿ 10, ಸೋಮವಾರ

ತೀರ್ಮಾನ: ಸಿಬ್ಬಂದಿಯ ನಿರ್ಲಕ್ಷ್ಯ. ಹಾರಿತೋನ್‌ನನ್ನು ಕೆಲಸದಿಂದ ತೆಗೆದಿದ್ದಾರೆ. ಪೊಲೀಸ್ ಕೇಸು ಮಾಡುವುದಿಲ್ಲವಂತೆ, ಮಕ್ಕಳಿಗೆ ಏನೂ ಆಗಲಿಲ್ಲ ಎಂಬ ಕಾರಣಕ್ಕೆ. ಕೊರ್ನೇಲಿಯಾ ಹತ್ತಿರ ನಾನೇ ಕೇಳಿಕೊಂಡಿದ್ದೆ. ಅಷ್ಟಾದರೂ ಮಾಡಿದೆ.

ಇನ್ನು ಮೇಲೆ ಗೋದಾಮಿನದು ಬಯಲಿನ ಕಡೆಯ ದೂರದ ಊರುಗಳ ಕಟ್ಟಡಗಳಿಗೆ ಮಾತ್ರ.

ಫೆಬ್ರವರಿ 19, ಬುಧವಾರ

ಬರುವ ವರ್ಷಕ್ಕೆ ಹದಿನೇಳು ಕಟ್ಟಡ. ವೆನಿಯಾಮಿನ್ ಅವರು ಶಾಂಪೇನ್ ತಂದಿದ್ದರು.

ಮಾರ್ಚ್ 1, ಶನಿವಾರ

ವಸಂತದ ಮೊದಲ ದಿನ. ಎಲ್ಲರ ಎದೆಯ ಮೇಲೂ ಕೆಂಪು ಬಿಳಿ ದಾರದ ಹೂವು. ಬೆಳಗ್ಗೆ ಹಿಮ ಕರಗಿ ಅಂಗಳವೆಲ್ಲ ಕೆಸರಾಗಿತ್ತು. ಶೆಡ್ ಗುಡಿಸುತ್ತಿದ್ದೆ. ಗೇಟಿನ ಹತ್ತಿರ ಹಾರಿತೋನ್ ಕಂಡ. ತಾಸ್ಯಾ ರಸ್ತೆಯಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ.

ಆಸ್ಪತ್ರೆಯಿಂದ ಬಂದು ಎರಡು ವಾರ ಆಯಿತಂತೆ. ತೆಳ್ಳಗಾಗಿದ್ದಾನೆ. ನಡೆಯುವಾಗ ಎಡಗಾಲು ಎಳೆಯುತ್ತಾನೆ. ಕೆಮ್ಮು ಮಾತ್ರ ನಿಂತಿದೆ. ಬೆಂಚಿನ ಮೇಲೆ ಕೂತು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡ. ಟೀ ತಂದುಕೊಟ್ಟೆ. ಲೋಟ ಸರಿಯಾಗಿ ಹಿಡಿಯಲಾಗದೆ ಅರ್ಧ ನನ್ನ ತೋಳಿನ ಮೇಲೆ ಚೆಲ್ಲಿದ. ಒರೆಸಿದೆ.

ಆಮೇಲೆ ಕೇಳಿದ.

"ಪಿನಾ, ನಂಗೆ ಆ ದಿನದ್ದು ಏನೂ ನೆನಪಿಲ್ಲ. ಅದರ ಹಿಂದಿನ ವಾರದ್ದೂ ಇಲ್ಲ. ನಾನು ತಗಡು ಮುಚ್ಚಿದ್ದೆ ಅಂತ ಬರೆದಿದ್ದಾರೆ. ಹೆಡ್‌ಮಾಸ್ಟರು ಓದಿ ಹೇಳಿದ್ರು. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ. ನಾನು ಹಂಗೆ ಮುಚ್ತೀನಾ? ಪಕ್ಕದಲ್ಲಿ ಮಕ್ಕಳಿದ್ರು. ನಂಗೆ ಗೊತ್ತಾಗ್ತಿಲ್ಲ. ನೀನು ಓದಿದೋಳು, ನನ್ನನ್ನೂ ಬಲ್ಲೆ. ನೀನು ಹೇಳು. ನಾನು ಮುಚ್ಚಿರ್ತೀನಾ?"

ತಾಸ್ಯಾ ಗೇಟಿನ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಅಷ್ಟು ದೂರಕ್ಕೆ ಮಾತು ಕೇಳಿಸುವುದಿಲ್ಲ.

"ಮುಚ್ಚಿರಬಹುದು ಅಣ್ಣ" ಎಂದೆ. "ಆ ದಿನ ಚಳಿ ಜಾಸ್ತಿ ಇತ್ತು. ಬೆಂಕಿ ಹೆಚ್ಚು ಹೊತ್ತು ನಿಲ್ಲಲಿ ಅಂತ ಮಾಡಿರ್ತೀಯ. ಯಾರಿಗಾದ್ರೂ ಆಗೋ ತಪ್ಪು. ಅದನ್ನೇ ಯೋಚಿಸ್ತಾ ಕೂರಬೇಡ."

ಅವನು ತಲೆಯಾಡಿಸಿದ. ತುಂಬಾ ಹೊತ್ತು ಆಡಿಸುತ್ತಲೇ ಇದ್ದ. ಆಮೇಲೆ ಕಣ್ಣು ಒರೆಸಿಕೊಂಡು, ಆ ಮಕ್ಕಳ ಮನೆಮನೆಗೆ ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ, ಮೊದಲು ಖಾತ್ರಿ ಮಾಡಿಕೊಳ್ಳೋಣ ಅಂತ ನಿನ್ನ ಹತ್ತಿರ ಬಂದೆ ಎಂದ. ಎದ್ದು ನಿಲ್ಲಲು ನಾನು ಕೈ ಕೊಟ್ಟೆ. ನಿನ್ನ ಹೆಸರಿಗೂ ನನ್ನಿಂದ ಮಸಿಯಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದ. ಇಲ್ಲ ಎಂದೆ.

ಇಬ್ಬರೂ ಕೆಳಗಿನ ಬೀದಿಗೆ ಇಳಿದರು. ಮೊದಲನೇ ಮನೆಯ ನಾಯಿ ಬೊಗಳಿತು, ಬಾಗಿಲು ತೆರೆದ ಸದ್ದಾಯಿತು. ನಾನು ಶೆಡ್ ಗುಡಿಸುವುದನ್ನು ಮುಗಿಸಿದೆ.

ಬುಧವಾರ ಕಚೇರಿಗೆ ಹೋಗಿ ಹೊಸ ಪಟ್ಟಿಗೆ ಸಹಿ ಹಾಕಬೇಕು. ನೀಲಿ ಕೋಟಿನ ತೋಳಿಗೆ ಟೀ ಕಲೆಯಾಗಿದೆ, ನಾಳೆ ಒಗೆದು ಹಾಕಿದರೆ ಅಷ್ಟರಲ್ಲಿ ಒಣಗುತ್ತದೆ.